ಅಟ್ಟದಿಂದ ಇಳಿಸಿದ ಹಳೇ ಲ್ಯಾಪ್‌ಟಾಪ್: ಸ್ವಿಚ್ ಒತ್ತುವ ಮುಂಚೆ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ತೋಟದ ಮನೆಗಳಲ್ಲಿ ಅಟ್ಟ ಗುಡಿಸುವಾಗ 1990ರ ದಶಕದ ಲ್ಯಾಪ್‌ಟಾಪ್ ಒಂದು ಸಿಗುವುದುಂಟು. ಚೆಕ್‌ರೋಲ್ (ಆಳುಗಳ ಹಾಜರಿ, ಸಂಬಳದ ಪಟ್ಟಿ) ಇಡಲು, ಕಾಫಿ ಲೆಕ್ಕ ಬರೆಯಲು ತೋಟದ ಗುಮಾಸ್ತ ರೈಟರ ಮೇಜಿನ ಮೇಲೆ ಇದ್ದದ್ದು, ಇಲ್ಲವೇ ವಿದೇಶದಲ್ಲಿದ್ದ ನೆಂಟರು ತಂದುಕೊಟ್ಟದ್ದು. ಸಿಕ್ಕ ತಕ್ಷಣ ಅಡಾಪ್ಟರ್ ಸಿಕ್ಕಿಸಿ ಪವರ್ ಬಟನ್ ಒತ್ತಿ ನೋಡೋಣ ಅನ್ನಿಸುತ್ತದೆ. ಇಪ್ಪತ್ತೈದು ಮೂವತ್ತು ವರ್ಷ ಸುಮ್ಮನೆ ಕೂತಿದ್ದ ಯಂತ್ರ ಪೂರ್ತಿ ಕೆಡುವುದು ಹೆಚ್ಚಾಗಿ ಆಗಲೇ. ಸೋರಿದ ಬ್ಯಾಟರಿಯ ಕ್ಷಾರವೂ ಮಳೆಗಾಲದ ತೇವವೂ ಬೋರ್ಡಿನ ಮೇಲೆ ಕೂತಿರುವಾಗ ಕರೆಂಟು ಹರಿದರೆ, ಕೂದಲೆಳೆಯಷ್ಟು ತೆಳುವಾದ ತಾಮ್ರದ ಗೆರೆಗಳು ತಿಂದುಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ಹಾಗಾಗಿ ಮೊದಲ ಒಂದು ವಾರ ಕರೆಂಟಿನ ಮಾತೇ ಬೇಡ.

ಯಂತ್ರ ಎಲ್ಲಿಂದ ಬಂತು ಅನ್ನುವುದೂ ಮುಖ್ಯ. ಮಲೆನಾಡಿನ ಮನೆಯದಾದರೆ ಬೂಷ್ಟು, ತುಕ್ಕು, ಇರುವೆ ಗೂಡು ಹುಡುಕಿ. ಅರಸೀಕೆರೆ, ಕಡೂರಿನ ಬಯಲುಸೀಮೆ ಕಡೆಯದಾದರೆ ತುಕ್ಕು ಕಮ್ಮಿ, ಆದರೆ ಫ್ಯಾನಿನ ತುಂಬ ಮಣ್ಣು, ಬಿಸಿಲು ಕಂಡ ಪ್ಲಾಸ್ಟಿಕ್ಕು ಹಪ್ಪಳದ ಹಾಗೆ ಮುರಿಯುತ್ತದೆ. ಅಲ್ಲಿ ಬೇಸಿಗೆಯಲ್ಲಿ ಕೆಲಸ ಮಾಡುವವರಿಗೆ ಮೈಯ ಸ್ಥಿರ ವಿದ್ಯುತ್ತಿನ ಕಾಟವೂ ಹೆಚ್ಚು. ಮುಂಗೈಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಳ್ಳಿ.

ಮೊದಲು ಒಣಗಿಸಿ

ಮುಚ್ಚಳ ಗಟ್ಟಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಅರ್ಧ ಕೆಜಿ ಸಿಲಿಕಾ ಜೆಲ್, ಮೇಲೆ ಜಾಲರಿ ಇಟ್ಟು ಲ್ಯಾಪ್‌ಟಾಪ್. ಪರದೆ ಮಡಚಬೇಡಿ, ಅರ್ಧ ತೆರೆದಿರಲಿ. ತೆಗೆಯಲು ಬರುವ ಬ್ಯಾಟರಿ, ಫ್ಲಾಪಿ ಡ್ರೈವ್ ಎಲ್ಲ ತೆಗೆದು ಗಾಳಿಯಾಡಲು ಬಿಡಿ. ನಾಲ್ಕೈದು ದಿನ ಸಾಕು. ಕಣದಲ್ಲಿ ಕಾಫಿ ಹರಡಿದ ಹಾಗೆ ಬಿಸಿಲಿಗೆ ಇಡುವುದು ಬೇಡ, ಎಲ್‌ಸಿಡಿಯ ಮೇಲಿನ ಪದರಗಳು ಉಬ್ಬುತ್ತವೆ. ಬಚ್ಚಲೊಲೆಯ ಹತ್ತಿರವೂ ಬೇಡ, ಹೇರ್ ಡ್ರೈಯರೂ ಬೇಡ.

ಈ ದಿನಗಳಲ್ಲಿ ಸಾಮಾನು ಹೊಂದಿಸಿಕೊಳ್ಳಿ. 0 ಮತ್ತು 1 ನಂಬರಿನ ಫಿಲಿಪ್ಸ್ ಸ್ಕ್ರೂಡ್ರೈವರ್ (ಕಾಂಪ್ಯಾಕ್ ಆದರೆ ನಕ್ಷತ್ರ ತುದಿಯ ಟಾರ್ಕ್ಸ್ ಕೂಡ), ಬೀಪ್ ಶಬ್ದ ಬರುವ ಮಲ್ಟಿಮೀಟರ್, ಮೂರು ಪಿನ್ನಿನ 25 ವಾಟ್ ಸೋಲ್ಡರಿಂಗ್ ಐರನ್, 0.8 ಮಿ.ಮೀ. ದಪ್ಪದ 60/40 ಸೋಲ್ಡರ್ (ತವರ, ಸೀಸದ ಬೆಸುಗೆ ತಂತಿ), ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್, ಹಳೇ ಸೋಲ್ಡರ್ ಹೀರುವ ತಾಮ್ರದ ಹೆಣಿಗೆ, ಅರ್ಧ ಲೀಟರ್ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್, ಬಿಳಿ ವಿನೆಗರ್, ಮೆತ್ತನೆ ಹಲ್ಲುಜ್ಜುವ ಬ್ರಷ್. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ಬೇಕು. ಕೊಳ್ಳುವಾಗ ಲೇಬಲ್ ಓದಿ, ಪಕ್ಕದಲ್ಲೇ ಆಸಿಡ್ ಕ್ಯಾನೂ ಇರುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಆಲ್ಕೊಹಾಲಿನ ಬದಲಿಗೆ ಆಗುವುದಿಲ್ಲ. ಅದರಲ್ಲಿ ನೀರೂ ಗ್ಲಿಸರಿನ್ನೂ ಇದ್ದು ಬೋರ್ಡಿನ ಮೇಲೆ ಅಂಟು ಉಳಿಯುತ್ತದೆ. ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಟಿವಿ ರಿಪೇರಿ ಸಾಮಾನು ಮಾರುವ ಅಂಗಡಿಗಳಲ್ಲಿ ಇದರಲ್ಲಿ ಬಹುಪಾಲು ಸಿಗುತ್ತದೆ. ಸಿಗದ ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಗತಿ.

ಬಿಚ್ಚುವುದು

ದೊಡ್ಡ ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಸೆಲ್ಲೋಟೇಪಿನಲ್ಲಿ ಅಂಟಿಸಿ. ಇದು ಬರೀ ಅಚ್ಚುಕಟ್ಟಿಗಲ್ಲ. 4 ಮಿ.ಮೀ. ಸ್ಕ್ರೂ ಇರಬೇಕಾದ ತೂತಿಗೆ 8 ಮಿ.ಮೀ. ಸ್ಕ್ರೂ ತಿರುವಿದರೆ ತುದಿ ಮದರ್‌ಬೋರ್ಡಿಗೆ ಚುಚ್ಚುತ್ತದೆ. ಕೀಬೋರ್ಡಿನ ಚಪ್ಪಟೆ ಪಟ್ಟಿ ಕೂರುವ ಕನೆಕ್ಟರಿಗೆ ಪುಟ್ಟ ಚಿಲಕ ಇರುತ್ತದೆ. ಕೆಲವು ಮೇಲಕ್ಕೆ ಏಳುತ್ತವೆ, ಕೆಲವು ಪಕ್ಕಕ್ಕೆ ಸರಿಯುತ್ತವೆ. ಉಗುರಿನಿಂದ ಎರಡೂ ತುದಿ ಒಟ್ಟಿಗೆ ಎತ್ತಿ. ಪಟ್ಟಿಯನ್ನೇ ಹಿಡಿದು ಎಳೆದರೆ ತುದಿಯ ಬಣ್ಣದಂಥ ವಾಹಕ ಪದರ ಕಿತ್ತು ಬರುತ್ತದೆ, ಆಮೇಲೆ ಒಂದು ಸಾಲಿನ ಕೀಲಿಗಳಷ್ಟೂ ಸತ್ತ ಹಾಗೆ.

ಸೋರಿದ ಬ್ಯಾಟರಿ: ಅರ್ಧ ಕೆಲಸ ಇಲ್ಲೇ

ಹೊರಗೆ ಕಾಣುವ ದೊಡ್ಡ ಬ್ಯಾಟರಿಯೊಂದೇ ಅಂದುಕೊಳ್ಳಬೇಡಿ. ಗಡಿಯಾರ ಮತ್ತು ಸೆಟಪ್ ನೆನಪಿಡಲು ಒಳಗೊಂದು ಚಿಕ್ಕ ಬ್ಯಾಟರಿ ಇರುತ್ತದೆ. ತೋಷಿಬಾದ ಹಲವು ಮಾದರಿಗಳಲ್ಲಿ, ನಿದ್ದೆ ಸ್ಥಿತಿ ಕಾಯಲು ಮೂರನೆಯದೂ ಇರುತ್ತದೆ: ಬಣ್ಣದ ಪ್ಲಾಸ್ಟಿಕ್ ಹೊದಿಕೆಯೊಳಗೆ ಸಾಲಾಗಿ ಜೋಡಿಸಿದ ಗುಂಡಿಯಂಥ ಸೆಲ್‌ಗಳು, ವೈರಿನ ತುದಿಯಲ್ಲಿ ಪುಟ್ಟ ಪ್ಲಗ್ಗು. ಇವು ನಿಕಲ್ ಕ್ಯಾಡ್ಮಿಯಂ ಅಥವಾ ನಿಕಲ್ ಮೆಟಲ್ ಹೈಡ್ರೈಡ್. ಸೋರುವುದು ಇವೇ. ಸೋರಿದ್ದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಗಾಳಿ ತಾಗಿ ಬಿಳಿ ಉಪ್ಪಿನ ಪುಡಿಯಾಗುತ್ತದೆ, ತಾಮ್ರ ತಿಂದ ಕಡೆ ಹಸಿರು ನೀಲಿ ಪಾಚಿ ಕಾಣಿಸುತ್ತದೆ. ಕ್ಷಾರ ವೈರಿನ ಒಳಗೂ ಹೀರಿಕೊಂಡು ಇನ್ನೊಂದು ತುದಿಯ ಪ್ಲಗ್ಗಿನವರೆಗೆ ನಡೆದಿರುತ್ತದೆ, ಆದ್ದರಿಂದ ವೈರು ಸಮೇತ ಬಿಸಾಡಿ. ಬಿಸಾಡುವುದೆಂದರೆ ತಿಪ್ಪೆಗಲ್ಲ, ಕಾಫಿ ಗಿಡದ ಬುಡಕ್ಕಂತೂ ಅಲ್ಲ. ಕ್ಯಾಡ್ಮಿಯಂ ವಿಷ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಸ್ವಚ್ಛ ಮಾಡುವಾಗ ಕೈಗವಸು, ಕನ್ನಡಕ ಇರಲಿ. ವಿನೆಗರಿಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ, ಹತ್ತಿಕಡ್ಡಿಯಲ್ಲಿ ಅದ್ದಿ ಪುಡಿ ಇರುವಲ್ಲಿ ಮಾತ್ರ ಒತ್ತಿ. ಸಣ್ಣಗೆ ನೊರೆ ಬರುತ್ತದೆ. ನೊರೆ ನಿಂತರೆ ಕ್ಷಾರ ಮುಗಿಯಿತೆಂದು ಲೆಕ್ಕ. ಐದು ನಿಮಿಷಕ್ಕಿಂತ ಹೆಚ್ಚು ವಿನೆಗರ್ ಇರಬಾರದು, ಅದೂ ಆಮ್ಲವೇ. ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಮೂರು ಸಲ ಬ್ರಷ್ ಮಾಡಿ, ಕೊನೆಗೆ ಆಲ್ಕೊಹಾಲ್ ಹರಿಸಿ ನೀರು ಹೊರಡಿಸಿ, ಒಂದು ದಿನ ಪೂರ್ತಿ ಒಣಗಲು ಬಿಡಿ. ಬಿಲ್ಲೆಯಂಥ ಲಿಥಿಯಂ ಸೆಲ್ ಇದ್ದು ಅದರ ಹಿಡಿಕೆ ಮಾತ್ರ ಕಪ್ಪಾಗಿದ್ದರೆ ಈ ವಿನೆಗರ್ ಪ್ರಯೋಗ ಬೇಡ. ಅದರಲ್ಲಿ ಕ್ಷಾರವಿಲ್ಲ, ಆಲ್ಕೊಹಾಲ್ ಸಾಕು.

ಈಗ ಭೂತಗನ್ನಡಿಯಲ್ಲಿ ನೋಡಿ. ಹೊಳೆಯಬೇಕಾದ ಸೋಲ್ಡರ್ ಬೂದಿ ಬಣ್ಣಕ್ಕೆ ತಿರುಗಿದ್ದರೆ ಐರನ್ ಎಷ್ಟು ಹೊತ್ತು ಇಟ್ಟರೂ ಕರಗುವುದಿಲ್ಲ. ಅಲ್ಲೇ ಒತ್ತಿ ಹಿಡಿದರೆ ಬೋರ್ಡಿನ ಪ್ಯಾಡೇ (ಬಿಡಿಭಾಗದ ಕಾಲು ಬೆಸೆಯುವ ತಾಮ್ರದ ಚುಕ್ಕೆ) ಎದ್ದು ಬರುತ್ತದೆ. ಫ್ಲಕ್ಸ್ ಹಚ್ಚಿ, ಹೊಸ ಸೋಲ್ಡರ್ ಬೆರೆಸಿ, ಎರಡನ್ನೂ ಒಟ್ಟಿಗೆ ತಾಮ್ರದ ಹೆಣಿಗೆಯಲ್ಲಿ ಹೀರಿ. ಹಸಿರು ಮೆರುಗಿನ ಅಡಿಯಲ್ಲಿ ಗೆರೆ ಕಪ್ಪಾಗಿ ಕಂಡರೆ ಎರಡು ತುದಿಗೂ ಮೀಟರ್ ಹಿಡಿದು ಬೀಪ್ ಕೇಳಿ. ಶಬ್ದ ಬರದಿದ್ದರೆ ಅಥವಾ ಓಮ್ ಅಲುಗಾಡುತ್ತಿದ್ದರೆ ಗೆರೆ ತುಂಡಾಗಿದೆ. 30 ಗೇಜಿನ ತೆಳು ವೈರಿನಿಂದ ಒಂದು ಬಿಂದುವಿಂದ ಇನ್ನೊಂದಕ್ಕೆ ಹಾರಿಸಿ ಬೆಸೆಯಿರಿ. ತುಕ್ಕು ಹಿಡಿದ ಗೆರೆಯನ್ನೇ ತೇಪೆ ಹಾಕುವುದಕ್ಕಿಂತ, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಹುಡುಕಿ ಆರೋಗ್ಯವಾದ ಎರಡು ತುದಿಗಳಿಗೆ ಬೆಸೆದರೆ ಬಾಳಿಕೆ ಜಾಸ್ತಿ.

ಹೊಸ ಗಡಿಯಾರದ ಬ್ಯಾಟರಿ ಹಾಕುವಾಗ ಒಂದು ತಪ್ಪು ಬಹಳ ಸಾಮಾನ್ಯ: ನಿಕಲ್ ಸೆಲ್ ಇದ್ದ ಜಾಗಕ್ಕೆ ನೇರ ಸಿಆರ್2032 ಎಂಬ ಲಿಥಿಯಂ ಬಿಲ್ಲೆ ಹಾಕುವುದು. ಹಳೇ ಸರ್ಕ್ಯೂಟು ಆ ಸೆಲ್ಲಿಗೆ ಚಾರ್ಜ್ ಕೊಡುತ್ತಿರುತ್ತದೆ. ಸಿಆರ್2032 ಚಾರ್ಜ್ ಆಗುವ ಜಾತಿಯಲ್ಲ, ಉಬ್ಬಿ ಸಿಡಿಯಬಹುದು. ಪ್ಲಸ್ ತಂತಿಯಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಸೇರಿಸಿ, ಪಟ್ಟಿ ಇರುವ ತುದಿ ಬೋರ್ಡಿನ ಕಡೆಗೆ. ಹಳೇ ಪ್ಯಾಕು 3.6 ವೋಲ್ಟಿನದಾದರೆ 1ಎನ್5817 ಶಾಟ್ಕಿ ಡಯೋಡು, 2.4 ವೋಲ್ಟಿನದಾದರೆ 1ಎನ್4148. ಮೊದಲನೆಯದು ಸುಮಾರು 0.2 ವೋಲ್ಟ್ ತಿನ್ನುತ್ತದೆ, ಎರಡನೆಯದು ಅರ್ಧ ವೋಲ್ಟಿನ ಆಸುಪಾಸು. ಸೆಲ್ಲಿಗೆ ನೇರ ಐರನ್ ತಾಗಿಸದೆ, ಕಾಲು ಬೆಸೆದೇ ಬರುವ ಸೆಲ್ ಕೊಳ್ಳಿ. ಅದನ್ನು ಎರಡಿಂಚು ವೈರಿನಲ್ಲಿ ಬೋರ್ಡಿನಿಂದ ದೂರ ಕೂರಿಸಿ. ಐಬಿಎಂ ಥಿಂಕ್‌ಪ್ಯಾಡ್ 600ರಂಥವುಗಳಲ್ಲಿ ಮೊದಲಿಂದಲೂ ಪ್ಲಗ್ ಇರುವ ಲಿಥಿಯಂ ಬಿಲ್ಲೆಯೇ ಇದೆ, ಅಲ್ಲಿ ಡಯೋಡ್ ಬೇಡ.

ಮೀನಿನ ವಾಸನೆ

1980ರ ದಶಕದ ಕೊನೆಯಿಂದ 90ರ ದಶಕದ ನಡುವಿನವರೆಗಿನ ಯಂತ್ರವಾದರೆ ಪವರ್ ಬೋರ್ಡಿನ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ, ಪುಟ್ಟ ಅಲ್ಯುಮಿನಿಯಂ ಡಬ್ಬಿಯಂಥ ಕೆಪಾಸಿಟರುಗಳ ಮೇಲೂ ಕಣ್ಣಿರಲಿ. ತೋಷಿಬಾದ ಟಿ ಸರಣಿ ಇದಕ್ಕೆ ಹೆಸರುವಾಸಿ. ಮೇಲ್ಭಾಗ ಉಬ್ಬುವುದೇ ಇಲ್ಲ, ಬುಡದಿಂದ ಸೋರುತ್ತವೆ. ಬುಡದ ಸೋಲ್ಡರ್ ಮಂಕಾಗಿದ್ದು, ಐರನ್ ತಾಗಿಸಿದ ಕೂಡಲೇ ಒಣಮೀನಿನ ವಾಸನೆ ಬಂದರೆ ಅನುಮಾನವೇ ಬೇಡ, ಒಳಗಿನ ದ್ರವ ಹೊರಬಂದಿದೆ. ಒಂದು ಸೋರಿದ್ದರೆ ಅದೇ ಜಾತಿಯ ಎಲ್ಲವನ್ನೂ ಬದಲಿಸಿ. ಮೊದಲು ಫೋಟೊ ತೆಗೆದುಕೊಳ್ಳಿ. ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಒಂದು ಮೆಟ್ಟಿಲು ಮೇಲಿರಲಿ: 47 ಮೈಕ್ರೊಫ್ಯಾರಡ್ 16 ವೋಲ್ಟಿನದಿದ್ದರೆ 47 ಮೈಕ್ರೊಫ್ಯಾರಡ್ 25 ವೋಲ್ಟಿನದು.

ಇಲ್ಲಿ ಕೈ ಸುಟ್ಟುಕೊಳ್ಳುವವರು ಬಹಳ. ಅಲ್ಯುಮಿನಿಯಂ ಡಬ್ಬಿಯ ತಲೆಯ ಮೇಲಿನ ಕಪ್ಪು ಗುರುತು ಮೈನಸ್. ಅದರ ಬದಲಿಗೆ ಹಾಕುವ ಹಳದಿ ಟ್ಯಾಂಟಲಂ ಕೆಪಾಸಿಟರಿನ ಮೇಲಿನ ಪಟ್ಟಿ ಪ್ಲಸ್. ಪಟ್ಟಿಗೆ ಪಟ್ಟಿ ಹೊಂದಿಸಿ ಕೂರಿಸಿದರೆ ಟ್ಯಾಂಟಲಂ ಪಟಾಕಿಯ ಹಾಗೆ ಉರಿದು ಹೋಗುತ್ತದೆ.

ಅಡಾಪ್ಟರ್ ಮತ್ತು ಲಾರಿ ಬಲ್ಬು

ಅಡಾಪ್ಟರಿನ ಲೇಬಲ್ ಓದಿ. ಒಳಬರುವ ಕರೆಂಟು 100–240 ವೋಲ್ಟ್ ಎಂದಿದ್ದರೆ ನಮ್ಮ ಮಳೆಗಾಲದ ಲೋ ವೋಲ್ಟೇಜನ್ನೂ ತಡೆದುಕೊಳ್ಳುತ್ತದೆ. ಅಮೆರಿಕದಿಂದ ಬಂದ ಕೆಲವು ಹಳೇ ಅಡಾಪ್ಟರುಗಳಲ್ಲಿ ಬರೀ 120 ವೋಲ್ಟ್ ಎಂದಿರುತ್ತದೆ. ಅವನ್ನು ಇಲ್ಲಿಯ 230ಕ್ಕೆ ಸಿಕ್ಕಿಸಿದರೆ ಹೊಗೆಯೇ. ಹೊರಬರುವ ವೋಲ್ಟು ಕಂಪನಿ ಒಂದೇ ಎಂದು ಒಂದೇ ಇರುವುದಿಲ್ಲ. ತೋಷಿಬಾದಲ್ಲೇ ಹಳೆಯವು 18, ನಂತರದವು 15. ಆ ಕಾಲದ ಥಿಂಕ್‌ಪ್ಯಾಡಿಗೆ 16. ಈಗಿನ 19 ವೋಲ್ಟಿನ ಅಡಾಪ್ಟರಿನ ಪಿನ್ನು ಹಿಡಿಯುತ್ತದೆಂದು ಚುಚ್ಚಬೇಡಿ. ಪಿನ್ನಿನ ಒಳಗೆ ಪ್ಲಸ್ಸೋ ಮೈನಸ್ಸೋ ಎಂಬ ಚಿತ್ರ ಯಂತ್ರದ ತಳದಲ್ಲಿರುತ್ತದೆ, ಮೀಟರಿನಲ್ಲಿ ತಾಳೆ ನೋಡಿ.

ಮೊದಲ ಸಲ ಕರೆಂಟು ಕೊಡುವಾಗ ಅಡಾಪ್ಟರಿಗೂ ಯಂತ್ರಕ್ಕೂ ನಡುವೆ ಪ್ಲಸ್ ತಂತಿಯಲ್ಲಿ ಲಾರಿಯ ಇಂಡಿಕೇಟರ್ ಬಲ್ಬು, 24 ವೋಲ್ಟ್ 21 ವಾಟಿನದು, ಸಾಲಾಗಿ ಸೇರಿಸಿ. ಕಾರಿನ 12 ವೋಲ್ಟಿನ ಬಲ್ಬು 18 ವೋಲ್ಟಿಗೆ ತಡೆಯಲಾರದು. ಬಲ್ಬು ಒಮ್ಮೆ ಮಿಂಚಿ ಆರಿದರೆ ಸರಿ, ಒಳಗಿನ ಕೆಪಾಸಿಟರ್ ತುಂಬಿಕೊಂಡಿತು ಅಷ್ಟೆ. ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಕೂಡಲೇ ತೆಗೆಯಿರಿ. ಇದು ಬಟನ್ ಒತ್ತದೆ ಮಾಡುವ ಪರೀಕ್ಷೆ. ಬಲ್ಬಿನ ಮೂಲಕ ಯಂತ್ರ ಓಡಿಸಲು ಹೋಗಬೇಡಿ.

ಬಲ್ಬು ಮಿಂಚಲೇ ಇಲ್ಲ, ಏನೂ ಆಗಲಿಲ್ಲ ಎಂದರೆ ಪವರ್ ಸಾಕೆಟ್ಟಿನ ಹತ್ತಿರ ‘ಎಫ್1’ ಎಂದು ಬರೆದ ಪುಟ್ಟ ಫ್ಯೂಸಿಗೆ ಮೀಟರ್ ಹಿಡಿಯಿರಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಫ್ಯೂಸು ಹಾಕಿ, ವೈರು ಸುತ್ತುವ ನಮ್ಮ ಹಳೇ ಅಭ್ಯಾಸ ಇಲ್ಲಿ ಬೇಡ. ಸಾಕೆಟ್ಟಿನ ಕಾಲು ಬೋರ್ಡಿನಿಂದ ಬಿಟ್ಟಿರುವುದೂ ಇದೆ. ಅಲುಗಾಡಿಸಿದಾಗ ಲೈಟು ಬಂದು ಹೋದರೆ ಅದೇ.

ಬಟನ್ ಒತ್ತುವ ದಿನ

ಹಾರ್ಡ್ ಡಿಸ್ಕ್, ಮುಖ್ಯ ಬ್ಯಾಟರಿ, ಕಾರ್ಡುಗಳು ಯಾವುದೂ ಇರಬಾರದು. ಫೋನಿನ ತಂತಿ ಸೇರುವ ಮೋಡೆಮ್ಮನ್ನು ಮರೆಯದೆ ತೆಗೆಯಿರಿ. ಮಲೆನಾಡಿನಲ್ಲಿ ಸಿಡಿಲು ಬಡಿದದ್ದು ಎಷ್ಟೋ ಸಲ ಕರೆಂಟಿನ ತಂತಿಯಿಂದಲ್ಲ, ಫೋನಿನ ತಂತಿಯಿಂದ. ಸುಟ್ಟ ಮೋಡೆಮ್ ಇಡೀ ಯಂತ್ರವನ್ನು ಏಳದ ಹಾಗೆ ಹಿಡಿದಿಡಬಲ್ಲದು.

ಥಿಂಕ್‌ಪ್ಯಾಡಿನಲ್ಲಿ ಪರದೆಯ ಮೇಲೆ 161 ಎಂಬ ದೋಷ ಸಂಖ್ಯೆ ಬಂದರೆ ಗಡಿಯಾರದ ಬ್ಯಾಟರಿ ಸತ್ತಿದೆ, 163 ಬಂದರೆ ದಿನಾಂಕ ಹೊಂದಿಸಿಲ್ಲ. ಎರಡೂ ಒಳ್ಳೇ ಸುದ್ದಿಯೇ, ಬೋರ್ಡು ಬದುಕಿದೆ. ತೋಷಿಬಾದ ಪವರ್ ದೀಪ ಕಿತ್ತಳೆ ಬಣ್ಣದಲ್ಲಿ ಮಿಣುಕಿದರೆ ವಿದ್ಯುತ್ ವಿಭಾಗವೇ ದೂರು ಹೇಳುತ್ತಿದೆ, ಮತ್ತೆ ಕೆಪಾಸಿಟರಿಗೆ ಹಿಂದಿರುಗಿ. ಫ್ಯಾನು ತಿರುಗಿ ಬೀಪ್ ಮಾತ್ರ ಕೇಳಿದರೆ ರ‍್ಯಾಮ್ ತೆಗೆದು ಚಿನ್ನದ ಅಂಚನ್ನು ಆಲ್ಕೊಹಾಲಿನಲ್ಲಿ ಒರೆಸಿ ಮತ್ತೆ ಕೂರಿಸಿ. ಥಿಂಕ್‌ಪ್ಯಾಡ್ ಪಾಸ್‌ವರ್ಡ್ ಕೇಳಿದರೆ, ಶುರುವಿನ ಪಾಸ್‌ವರ್ಡ್ ಗಡಿಯಾರದ ಬ್ಯಾಟರಿ ತೆಗೆದಾಗ ಅಳಿಯುತ್ತದೆ. ಸೂಪರ್‌ವೈಸರ್ ಪಾಸ್‌ವರ್ಡ್ ಬೇರೆ ಚಿಪ್ಪಿನಲ್ಲಿರುವುದರಿಂದ ಎಷ್ಟು ದಿನ ಬ್ಯಾಟರಿ ತೆಗೆದಿಟ್ಟರೂ ಹೋಗುವುದಿಲ್ಲ.

ಪರದೆ ಕಪ್ಪಾಗಿದ್ದರೆ ಸತ್ತಿತೆಂದು ನಿರ್ಧರಿಸುವ ಮುಂಚೆ ಪಕ್ಕದ ಕಾಂಟ್ರಾಸ್ಟ್ ಚಕ್ರ ತಿರುವಿ. ಹಳೇ ಪರದೆಗಳಲ್ಲಿ ಅದು ಒಂದು ತುದಿಗೆ ಹೋಗಿದ್ದರೆ ಏನೂ ಕಾಣದು. ಆಮೇಲೆ ಕತ್ತಲಲ್ಲಿ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಅಕ್ಷರ ಮಸುಕಾಗಿ ಕಂಡರೆ ಹಿಂಬದಿಯ ಬೆಳಕಿನ ಟ್ಯೂಬೋ ಅದಕ್ಕೆ ಹೆಚ್ಚಿನ ವೋಲ್ಟ್ ಕೊಡುವ ಪುಟ್ಟ ಇನ್ವರ್ಟರ್ ಬೋರ್ಡೋ ಹೋಗಿದೆ. ಶುರುವಿನಲ್ಲಿ ಪರದೆ ಕೆಂಪಗೆ ಬಂದು ನಿಧಾನ ಬೆಳ್ಳಗಾದರೆ ಟ್ಯೂಬಿಗೆ ವಯಸ್ಸಾಗಿದೆ. ಇನ್ವರ್ಟರಿನಲ್ಲಿ ನೂರಾರು ವೋಲ್ಟ್, ಹೊತ್ತಿಸುವ ಕ್ಷಣದಲ್ಲಿ ಸಾವಿರಕ್ಕೂ ಮೇಲೆ. ಓಡುತ್ತಿರುವಾಗ ಬೆರಳು ದೂರವಿರಲಿ.

ಪರದೆಯ ಹತ್ತಿರ ಮೂಗು ಒಯ್ದಾಗ ವಿನೆಗರಿನ ಹುಳಿ ವಾಸನೆ ಬಂದು, ಮೂಲೆಯಿಂದ ಗುಳ್ಳೆ ಎದ್ದಿದ್ದರೆ ಬೆಳಕನ್ನು ಸೋಸುವ ಪೋಲರೈಸರ್ ಪದರ ಕೊಳೆಯುತ್ತಿದೆ. ಶಾಖ ಮತ್ತು ತೇವ ಎರಡೂ ಇರುವ ಊರಿನಲ್ಲಿ ಇದು ಬೇಗ. ನಿಲ್ಲಿಸುವ ಮದ್ದಿಲ್ಲ. ಹಳೇ ಪದರ ಸುಲಿದು, ಅಂಟು ಕರಗಿಸಿ ಒರೆಸಿ, ಹೊಸ ಪೋಲರೈಸರ್ ಹಾಳೆ ಅಂಟಿಸಬೇಕು. ಅಂಟಿಸುವ ಮೊದಲು ಪರದೆ ಆನ್ ಮಾಡಿ, ಹಾಳೆಯನ್ನು ಮೇಲೆ ಹಿಡಿದು ತಿರುಗಿಸಿ, ಅಕ್ಷರ ಸ್ಪಷ್ಟವಾದ ಕೋನ ಗುರುತು ಮಾಡಿ. ಸಾಮಾನ್ಯವಾಗಿ 45 ಡಿಗ್ರಿಯ ಆಸುಪಾಸು. ಗಾಜಿನೊಳಗೆ ಕಾಣುವ ಜೇಡರ ಬಲೆಯಂಥ ಬೂಷ್ಟು ಹೆಚ್ಚಾಗಿ ಬೆಳಕು ಹರಡುವ ಹಾಳೆಗಳ ನಡುವೆ ಇರುತ್ತದೆ. ಹಾಳೆಗಳ ಕ್ರಮ, ಮೇಲು ಕೆಳಗು ಗುರುತು ಮಾಡಿಕೊಂಡು ಒಂದೊಂದೇ ಒರೆಸಬಹುದು.

ಡಿಸ್ಕಿನ ಒಳಗಿರುವುದು

ಯಂತ್ರಕ್ಕಿಂತ ಬೆಲೆಬಾಳುವುದು ಇದೇ ಇರಬಹುದು. ಹಾಗಾಗಿ ಹಳೇ ಡಿಸ್ಕಿನಿಂದ ಯಂತ್ರ ಓಡಿಸಿ ನೋಡುವ ಆಸೆ ಬಿಡಿ. ವಿಂಡೋಸ್ ಏಳುವಾಗಲೇ ಡಿಸ್ಕಿಗೆ ಬರೆಯುತ್ತದೆ. ಮೊದಲು ನಕಲು. 44 ಪಿನ್ನಿನ 2.5 ಇಂಚಿನ ಐಡಿಇ (ಆ ಕಾಲದ ಡಿಸ್ಕ್ ಜೋಡಣೆ) ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿ, ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶ ಓಡಿಸಿ, ಎಲ್ಲೆಲ್ಲಿ ಓದಿಯಾಯಿತೆಂದು ದಾಖಲಿಸುವ ಮ್ಯಾಪ್ ಕಡತ ತಪ್ಪದೆ ಇಡಿ. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಕೆರೆಯದೆ ಮುಂದೆ ಸಾಗುವ ಆಯ್ಕೆ ಹಾಕಿ, ಚೆನ್ನಾಗಿರುವುದಷ್ಟು ಮೊದಲು ಕೈಗೆ ಸಿಗಲಿ. 1990ರ ದಶಕದ ಮೊದಲರ್ಧದ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್ ಗುರುತಿಸದೇ ಹೋಗಬಹುದು. ಎಲ್‌ಬಿಎ (ಡಿಸ್ಕಿನ ಜಾಗಗಳನ್ನು ಒಂದೇ ಸಾಲಿನ ಸಂಖ್ಯೆಯಿಂದ ಗುರುತಿಸುವ ಕ್ರಮ) ಗೊತ್ತಿಲ್ಲದ ಡಿಸ್ಕಿನ ಭಾಷೆ ಅದಕ್ಕೆ ತಿಳಿಯುವುದಿಲ್ಲ. ಐಡಿಇ ಇರುವ ಹಳೇ ಡೆಸ್ಕ್‌ಟಾಪ್ ಹುಡುಕಿ. ಪಿನ್ನು ತಲೆಕೆಳಗಾಗದಂತೆ 20ನೇ ಪಿನ್ನಿನ ಖಾಲಿ ಜಾಗ ನೋಡಿಕೊಳ್ಳಿ. 5 ವೋಲ್ಟ್ ಕೂಡ ಅದೇ ಸಾಲಿನಲ್ಲಿ ಹೋಗುತ್ತದೆ, ಉಲ್ಟಾ ಆದರೆ ಡಿಸ್ಕು ಉಳಿಯದು.

ಡಿಸ್ಕು ತಿರುಗದೆ ಬರೀ ಗುಂಯ್ ಅಂದರೆ ಹೆಡ್ ಅಂಟಿಕೊಂಡಿರಬಹುದು. ಅಂಗೈಯಲ್ಲಿ ಮಟ್ಟಸವಾಗಿ ಹಿಡಿದು, ಕರೆಂಟು ಬರುವ ಕ್ಷಣಕ್ಕೆ ಮಣಿಕಟ್ಟನ್ನು ಚಟ್ಟನೆ ಒಂದು ಕಡೆ ತಿರುಗಿಸಿ. ಬಡಿಯುವುದು ಬೇಡ. ಫ್ರಿಜ್ಜಿನಲ್ಲಿಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ನಮ್ಮ ಹವೆಯಲ್ಲಿ ಹೊರತೆಗೆದ ಕೂಡಲೇ ತಟ್ಟೆಯ ಮೇಲೆ ಇಬ್ಬನಿ ಕೂರುತ್ತದೆ. ಬೂಷ್ಟು ಹಿಡಿದ ಫ್ಲಾಪಿಯನ್ನೂ ಡ್ರೈವಿಗೆ ತುರುಕಬೇಡಿ, ಒಂದು ಕೊಳಕು ಫ್ಲಾಪಿ ಹೆಡ್ಡನ್ನು ಕೆಡಿಸಿ ಮುಂದಿನ ಹತ್ತನ್ನು ಗೀರುತ್ತದೆ.

ನಕಲಾದ ಮೇಲೆ ಹಳೇ ಡಿಸ್ಕಿನ ಜಾಗಕ್ಕೆ 44 ಪಿನ್ನಿನ ಅಡಾಪ್ಟರಿನಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಕೂರಿಸಿ. 486 ಪ್ರೊಸೆಸರ್ ಕಾಲದ ಬಯಾಸಿಗೆ (ಯಂತ್ರವನ್ನು ಎಬ್ಬಿಸುವ ಒಳಗಿನ ತಂತ್ರಾಂಶಕ್ಕೆ) 504 ಮೆಗಾಬೈಟಿನ ಮಿತಿ ಇರುವುದರಿಂದ ಅಲ್ಲಿ 256ರ ಕಾರ್ಡೇ ನೆಮ್ಮದಿ. ಡಾಸ್ 6.22 ಒಂದು ಪಾರ್ಟಿಶನ್ನಿಗೆ 2 ಗಿಗಾಬೈಟ್ ದಾಟುವುದಿಲ್ಲ.

ನಕಲಿನಿಂದ ಸಿಕ್ಕ ಲೋಟಸ್ 1-2-3 ಲೆಕ್ಕದ ಹಾಳೆ, ಡಿಬೇಸ್ ದತ್ತಾಂಶದ ಕಡತ ಇವತ್ತಿನ ಲಿಬ್ರೆ ಆಫೀಸಿನಲ್ಲಿ ತೆರೆಯುತ್ತವೆ. ಕನ್ನಡ ಕಡತ ಬೇರೆ ಕಥೆ. ಆಗ ಬರಹ, ನುಡಿ, ಶ್ರೀಲಿಪಿಯಂಥವು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸುತ್ತಿದ್ದವು, ಒಂದೊಂದಕ್ಕೂ ಒಂದೊಂದು ಕ್ರಮ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಕೆಟ್ಟುಹೋಗಿದೆ ಎಂದು ಅಳಿಸಿಬಿಡುವವರೂ ಇದ್ದಾರೆ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ಪೂರ್ತಿ ನಕಲು ಮಾಡಿಟ್ಟುಕೊಳ್ಳಿ. ಫಾಂಟಿನ ಹೆಸರು ನೋಡಿದರೆ ಯಾವ ತಂತ್ರಾಂಶದ್ದೆಂದು ತಿಳಿಯುತ್ತದೆ: ಬಿಆರ್‌ಎಚ್ ಎಂದು ಶುರುವಾದರೆ ಬರಹ. ಆಮೇಲೆ ಅದಕ್ಕೆ ಸರಿಯಾದ ಪರಿವರ್ತಕದಿಂದ ಯೂನಿಕೋಡಿಗೆ ತರಬಹುದು. ಅರ್ಕಾವತ್ತು, ಒತ್ತಕ್ಷರ ಕೆಲವೆಡೆ ಸ್ಥಾನಪಲ್ಲಟವಾಗುತ್ತವೆ. ಚೆಕ್‌ರೋಲಿನ ಆಳುಗಳ ಹೆಸರುಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿ.

ಮೈಕಟ್ಟು, ಮತ್ತೆ ಮಳೆಗಾಲ

ಪರದೆಯ ಹಿಂಜ್ ಬಿಗಿಯಾಗಿರುವಾಗ ತೆರೆದು ಮುಚ್ಚಿ ಮಾಡಿದರೆ ಮುರಿಯುವುದು ಹಿಂಜಲ್ಲ, ಅದನ್ನು ಹಿಡಿದ ಪ್ಲಾಸ್ಟಿಕ್ಕು. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು, ಹಿಂಜನ್ನು ಹೊರಗೆ ತೆಗೆದು ಸಡಿಲವಾಗುವವರೆಗೆ ಆಡಿಸಿ. ಕಿತ್ತುಬಂದ ಹಿತ್ತಾಳೆ ಬಿರಡೆಯನ್ನು ಅರಾಲ್ಡೈಟಿನಲ್ಲಿ ಕೂರಿಸಿ ಒಂದು ರಾತ್ರಿ ಬಿಡಿ. ಒಳಗಿನ ಬಿರುಕಿಗೆ ಫೆವಿಕ್ವಿಕ್ ಹನಿಸಿ ಮೇಲೆ ಅಡುಗೆ ಸೋಡಾ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಪರದೆಯ ಹತ್ತಿರ ಮಾತ್ರ ಇದು ಬೇಡ, ಅದರ ಆವಿಗೆ ಬಿಳಿ ಮಂಜು ಕೂರುತ್ತದೆ.

ಜೂನಿಗೆ ಮುಂಚೆ ಯಂತ್ರವನ್ನು ಅದೇ ಡಬ್ಬಿಗೆ ಸೇರಿಸಿ, ಬ್ಯಾಟರಿ ಹೊರಗಿಟ್ಟು. ಹುಳಿ ವಾಸನೆಯ ಪರದೆ ಇದ್ದರೆ ಅದಕ್ಕೆ ಬೇರೆ ಡಬ್ಬಿ, ಅದರ ಆವಿ ಪಕ್ಕದ್ದನ್ನೂ ಕೆಡಿಸುತ್ತದೆ. ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದಾಗ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು, ವಿಷ. ಅಡುಗೆಮನೆಯ ಬಾಣಲೆ ಮುಟ್ಟಬೇಡಿ, ಇದಕ್ಕೆಂದೇ ಒಂದು ಹಳೇ ತಟ್ಟೆ ಬೇರೆ ಇಡಿ.